ಫ್ರೆಂಡ್ಸ್ ಲಿಸ್ಟ್ ಹೈಡ್ ಮಾಡಿದರೆ ಯಾರಿಗೂ ಕಾಣುವುದಿಲ್ಲವೇ?

ಪರಿಚಯದವರ ಹೆಸರು, ಫೋಟೋ ಹಾಕಿ ನಕಲಿ ಫೇಸ್‌ಬುಕ್ ಖಾತೆ ತೆರೆದು ‘ಅರ್ಜೆಂಟ್ ಇದೆ, ಗೂಗಲ್ ಪೇ ಮಾಡಿ’ ಎಂದು ಕೇಳುವ ವಂಚನೆಗೆ ಪಾಸ್‌ವರ್ಡ್ ಕದಿಯಬೇಕಾಗಿಲ್ಲ. ಯಾರನ್ನು ಕೇಳಬೇಕೆಂದು ತಿಳಿಯಲು ಗೆಳೆಯರ ಪಟ್ಟಿ ಕಂಡರೆ ಸಾಕು.

ಆ ಪಟ್ಟಿಯನ್ನು ‘ಓನ್ಲಿ ಮಿ’ ಮಾಡಿದರೆ ಪೂರ್ತಿ ಅಡಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಮ್ಯೂಚುವಲ್ ಫ್ರೆಂಡ್ಸ್ ಆಗಲೂ ಕಾಣುತ್ತಾರೆ. ಪುತ್ತೂರಿನ ನಿಮ್ಮ ಭಾವನ ಪಟ್ಟಿ ಎಲ್ಲರಿಗೂ ತೆರೆದಿದ್ದರೆ ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ. ಸುಳ್ಯ, ಕಡಬದ ನಾಲ್ಕು ನೆಂಟರ ಪಟ್ಟಿಯನ್ನೂ ನೋಡಿದವರಿಗೆ ನಿಮ್ಮ ಬಳಗದ ಒಂದು ಪಾಲು ಸಿಕ್ಕಿತೆಂದೇ ಲೆಕ್ಕ. ಆದರೂ ಹೈಡ್ ಮಾಡುವುದೇ ಒಳ್ಳೆಯದು, ವಂಚಕನ ಕೆಲಸ ಅಷ್ಟಾದರೂ ಕಷ್ಟವಾಗಲಿ. ಮನೆಯವರೆಲ್ಲ ಮಾಡಿಕೊಂಡರೆ ಹೆಚ್ಚು ಉಪಯೋಗ.

ಇನ್‌ಸ್ಟಾಗ್ರಾಂನ ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿ ನಿಮಗೆ ಮಾತ್ರ ಕಾಣುತ್ತದೆ. ಸೇರಿಸಿದ್ದು, ತೆಗೆದದ್ದು ಯಾರಿಗೂ ನೋಟಿಫಿಕೇಶನ್ ಆಗಿ ಹೋಗುವುದಿಲ್ಲ. ಆದರೆ ಹಸಿರು ಗುರುತು ಕಂಡವರಿಗೆ ತಾವು ಒಳಗಿದ್ದೇವೆಂದು ಗೊತ್ತಾಗುತ್ತದೆ. ಮದುವೆಮನೆಯಲ್ಲಿ ಆ ಸ್ಟೋರಿಯ ಮಾತು ಬಂದರೆ ಹೊರಗಿದ್ದವರಿಗೂ ಗೊತ್ತಾಗುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ!

ವಾಟ್ಸಾಪ್‌ನಲ್ಲಿ ಅಡಿಕೆ ಧಾರಣೆಗೆಂದು ಗ್ರೂಪ್ ಮಾಡಿದರೆ ಸದಸ್ಯರ ನಂಬರ್ ಪರಸ್ಪರ ಕಾಣುತ್ತದೆ. ಬರೀ ಮಾಹಿತಿ ಕಳುಹಿಸುವವರಿಗೆ ನಾವು ಹೇಳುವುದು ಬ್ರಾಡ್‌ಕಾಸ್ಟ್ ಲಿಸ್ಟ್. ಅದರಲ್ಲಿ ಯಾರಿದ್ದಾರೆಂದು ಪಡೆದವರಿಗೆ ತಿಳಿಯುವುದಿಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ ಎಂಬುದು ನೆನಪಿರಲಿ.

ಹಣ ಕೇಳುವ ಮೆಸೇಜ್ ಬಂದರೆ ಅದಕ್ಕೆ ಉತ್ತರಿಸದೆ, ನಿಮ್ಮಲ್ಲಿ ಮೊದಲೇ ಇರುವ ಅವರ ನಂಬರಿಗೆ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.