15 ವರ್ಷ ದಾಟಿದ ಕಾರು ಗುಜರಿಗೇ ಹೋಗಬೇಕೇ? ಹಳೇ ಮಾರುತಿ 800 ಉಳಿಸಿಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

“15 ವರ್ಷ ಆದ ಕಾರು ರಸ್ತೆಗಿಳಿದರೆ ಸೀಜ್. ಇವತ್ತೇ ಗುಜರಿಗೆ ಕೊಟ್ಟುಬಿಡಿ. ಎಲ್ಲ ಗ್ರೂಪಿಗೂ ಕಳುಹಿಸಿ.” ಈ ಬಗೆಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ಎಇಸಿಎಸ್ ಲೇಔಟ್ ಕಡೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತ ಹಳೇ ಕಾರುಗಳು ಇನ್ನೂ ಇವೆ. ಅಪ್ಪ ಕೊಂಡ ಮೊದಲ ಕಾರು, ಅಮ್ಮ ಡ್ರೈವಿಂಗ್ ಕಲಿತ ಕಾರು. ಇಂಥ ಒಂದು ಫಾರ್ವರ್ಡ್ ನಂಬಿ ಅದನ್ನು ಕೆಜಿ ಲೆಕ್ಕದಲ್ಲಿ ಮಾರಿದರೆ ಮತ್ತೆ ಸಿಗುವುದಿಲ್ಲ. ಹಾಗೆಂದು ಹೊಸ ಪೇಂಟ್ ಹೊಡೆಸಿ ಓಡಿಸಿಬಿಡೋಣ ಎಂದು ಹೊರಟರೂ ಅಪಾಯವೇ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಕರ್ನಾಟಕದಲ್ಲಿ ಹಳೇ ಖಾಸಗಿ ಕಾರಿನ ಭವಿಷ್ಯ ನಿರ್ಧರಿಸುವುದು ಅದರ ವಯಸ್ಸಲ್ಲ, ಎಂಜಿನ್ನೂ ಅಲ್ಲ. ಕಾಗದಪತ್ರ ಮತ್ತು ತುಕ್ಕು, ಇವೆರಡೇ. ಈ ಲೇಖನದಲ್ಲಿ ಎರಡನ್ನೂ ನೋಡೋಣ.

ಯಾವುದು ‘ಮಾಡರ್ನ್ ಕ್ಲಾಸಿಕ್’?

ಈ ಹೆಸರಿಗೆ ನಮ್ಮ ಕಾನೂನಿನಲ್ಲಿ ಅರ್ಥವಿಲ್ಲ. ಸಾಮಾನ್ಯವಾಗಿ 1980ರ ದಶಕದಿಂದ 2000ದ ಆಸುಪಾಸಿನವರೆಗಿನ, ಈಗ ತಯಾರಾಗದ, ಆದರೆ ಜನ ಇನ್ನೂ ಪ್ರೀತಿಸುವ ಕಾರುಗಳನ್ನು ಹವ್ಯಾಸಿಗಳು ಹೀಗೆ ಕರೆಯುತ್ತಾರೆ. ಕಾಂಟೆಸ್ಸಾ, ಜಿಪ್ಸಿ, ಹಳೇ ಟಾಟಾ ಸಿಯೆರಾ, ಮೊದಲ ಝೆನ್ ಇವೆಲ್ಲ ಈ ಸಾಲಿನವು. ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ಮಾರುತಿ 800. ಮೊದಲ ಕಾರು ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೆ ಬಿಎಸ್-4 ನಿಯಮ ಬಂದದ್ದರಿಂದ ಬೆಂಗಳೂರು ಸೇರಿ 13 ನಗರಗಳಲ್ಲಿ ಇದರ ಮಾರಾಟ 2010ರ ಏಪ್ರಿಲ್‌ನಲ್ಲೇ ನಿಂತಿತು. ಅಂದರೆ ಬೆಂಗಳೂರಿನಲ್ಲಿ ಹೊಸದಾಗಿ ಕೊಂಡ 800ಗಳೆಲ್ಲ ಈಗ 15 ವರ್ಷದ ಗೆರೆ ಮುಟ್ಟಿವೆ ಅಥವಾ ದಾಟಿವೆ. ಹಾಗಾಗಿ ಆ ಫಾರ್ವರ್ಡ್ ನೇರವಾಗಿ ಹೆದರಿಸುವುದು ಇವುಗಳ ಮಾಲೀಕರನ್ನು.

‘ವಿಂಟೇಜ್’ ಎಂಬುದು ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಅತಿ ಹಳೆಯ 800 ಕೂಡ 2033ರವರೆಗೆ ವಿಂಟೇಜ್ ಆಗುವುದಿಲ್ಲ. ಆದ್ದರಿಂದ ನಿಮ್ಮ ಕಾರಿಗೆ ಅನ್ವಯಿಸುವುದು ಮಾಮೂಲಿ ಕಾರಿನ ನಿಯಮಗಳೇ.

ಫಾರ್ವರ್ಡ್ ಹೇಳುವುದು: 15 ವರ್ಷ ಆದ ಮೇಲೆ ಕಾರು ಓಡಿಸುವಂತಿಲ್ಲ

ವಾಸ್ತವ: ಕರ್ನಾಟಕದ ಖಾಸಗಿ ಕಾರುಗಳಿಗೆ ಇದು ಸುಳ್ಳು. ಮೂರು ಬೇರೆ ಬೇರೆ ಸುದ್ದಿಗಳು ಕಲಸಿಹೋಗಿ ಈ ಗೊಂದಲ ಹುಟ್ಟಿದೆ.

ಮೊದಲನೆಯದು ದೆಹಲಿಯದ್ದು. ವಾಯುಮಾಲಿನ್ಯದ ಕಾರಣಕ್ಕೆ ರಾಷ್ಟ್ರೀಯ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಆ ಪ್ರದೇಶಕ್ಕೆ ಸೀಮಿತ. ಎರಡನೆಯದು ಸರ್ಕಾರಿ ವಾಹನಗಳದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಅದು ನಿಮ್ಮ ಕಾರಿಗೆ ಸಂಬಂಧಿಸಿದ್ದಲ್ಲ. ಮೂರನೆಯದು 2021ರ ಗುಜರಿ ನೀತಿ. ಅದರಲ್ಲಿ ಖಾಸಗಿ ಕಾರಿನ ಹಣೆಬರಹ ಬರೆಯುವುದು ಫಿಟ್‌ನೆಸ್ ಪರೀಕ್ಷೆಯೇ ಹೊರತು ವಯಸ್ಸಲ್ಲ.

ಹಾಗಾದರೆ ಮಾಡಬೇಕಾದ್ದೇನು? ಖಾಸಗಿ ಕಾರಿನ ಆರ್‌ಸಿ ಮೊದಲಿಗೆ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಕಾರು ತೋರಿಸಿ, ಪರೀಕ್ಷೆ ಪಾಸಾಗಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂ. ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂ. ಮಾಡಲಾಯಿತು. ಜೊತೆಗೆ ರಾಜ್ಯದ ಹಸಿರು ತೆರಿಗೆ ಇದೆ. ತಡ ಮಾಡಿದಷ್ಟೂ ತಿಂಗಳ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ರಸ್ತೆಗಿಳಿಸಿದರೆ ಮಾತ್ರ ಫಾರ್ವರ್ಡ್ ಹೇಳಿದಂತೆ ಕಾರು ಪೊಲೀಸರ ಪಾಲಾಗಬಹುದು.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ

ಕಾರಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಈ ನಾಲ್ಕು ವಿಷಯ ಖಚಿತಪಡಿಸಿಕೊಳ್ಳಿ.

• ಚಾಸಿಸ್ ಮತ್ತು ಎಂಜಿನ್ ನಂಬರ್ ಆರ್‌ಸಿಯಲ್ಲಿರುವಂತೆಯೇ ಇರಬೇಕು. ಚಾಸಿಸ್ ನಂಬರ್ ಇರುವ ಜಾಗಕ್ಕೆ ತುಕ್ಕು ಹಿಡಿದು ಅಕ್ಷರ ಓದಲಾಗದಿದ್ದರೆ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತೀರಿ.
• ಹಿಂದೆಂದೋ ತೀರಿಸಿದ ಸಾಲ ಆರ್‌ಸಿಯಲ್ಲಿ ಇನ್ನೂ ಉಳಿದಿರಬಹುದು. ಬ್ಯಾಂಕಿನಿಂದ ಎನ್‌ಒಸಿ ತಂದು ಫಾರಂ 35ರಲ್ಲಿ ತೆಗೆಸಬೇಕು.
• ಕಾರು ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ನವೀಕರಣ, ವಿಮೆ ಎಲ್ಲಕ್ಕೂ ಇದೇ ಬುನಾದಿ.
• ಬೇರೆ ರಾಜ್ಯದ ನಂಬರಿನ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಕರ್ನಾಟಕದ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಣ್ಣ ಬದಲಿಸಿದರೆ, ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ನಿಜವಾದ ಶತ್ರು ತುಕ್ಕು

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಅಲ್ಯೂಮಿನಿಯಂ ಮೇಲೆ ಕಟ್ಟುವ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಪುಡಿಪುಡಿಯಾಗಿ ಉಬ್ಬುತ್ತದೆ, ಪೇಂಟನ್ನು ಎಬ್ಬಿಸುತ್ತದೆ, ನೀರು ಇನ್ನೂ ಒಳಗೆ ಇಳಿಯಲು ದಾರಿ ಮಾಡಿಕೊಡುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಈ ಕ್ರಿಯೆ ಬಿರುಸಾಗುತ್ತದೆ. ಮಂಗಳೂರು, ಉಡುಪಿ ಕಡೆ ಬಹುಕಾಲ ಓಡಿದ ಕಾರನ್ನು ಬೆಂಗಳೂರಿನ ಕಾರಿಗಿಂತ ಹೆಚ್ಚು ಜಾಗ್ರತೆಯಿಂದ ನೋಡಬೇಕು ಎನ್ನುವುದು ಇದಕ್ಕೇ.

800 ವಿಷಯದಲ್ಲಿ ಇದು ಇನ್ನೂ ಮುಖ್ಯ. ಜಿಪ್ಸಿಗೆ ಕೆಳಗೆ ಪ್ರತ್ಯೇಕ ಚಾಸಿಸ್ ಇದೆ. 800ಗೆ ಅದಿಲ್ಲ, ಬಾಡಿಯೇ ಚಾಸಿಸ್. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಹಾಗಾಗಿ ನೆಲದ ತಗಡು ತೂತಾದರೆ ನಷ್ಟವಾಗುವುದು ಅಂದವಲ್ಲ, ಕಾರಿನ ಬೆನ್ನುಮೂಳೆ.

ನೋಡಬೇಕಾದ ಜಾಗಗಳು: ಮ್ಯಾಟ್ ಎತ್ತಿ ಕಾಲಿಡುವ ನೆಲ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಸ್ಟೆಪ್ನಿ ಇಡುವ ಜಾಗ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಬಟ್ಟೆ ಸುತ್ತಿ ಬಾಡಿಗೆ ಹಿಡಿಯಿರಿ. ತಗಡಿದ್ದಲ್ಲಿ ಅಂಟುತ್ತದೆ, ತೂತು ಮುಚ್ಚಲು ಪಟ್ಟಿ ಮೆತ್ತಿದ್ದಲ್ಲಿ ಜಾರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಿನಲ್ಲಿ ಮುಳುಗಿತ್ತೆಂದು ಅರ್ಥ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಹೊರ ವರ್ತುಲ ರಸ್ತೆಯ ಕಡೆ ಎಷ್ಟೋ ಕಾರುಗಳು ಮುಳುಗಿದ್ದನ್ನು ಮರೆಯಬೇಡಿ.

ಫಾರ್ವರ್ಡ್ ಹೇಳುವುದು: ಹಳೇ ಎಂಜಿನ್ ಆಯಿಲ್ ಬಳಿದರೆ ತುಕ್ಕು ಹಿಡಿಯದು, ಕೋಲಾ ಸುರಿದರೆ ತುಕ್ಕು ಮಾಯ

ವಾಸ್ತವ: ಆಯಿಲ್ ನೀರನ್ನು ದೂರವಿಡುವುದು ನಿಜ. ಆದರೆ ಬಳಸಿದ ಆಯಿಲ್ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ನೆಲಕ್ಕೆ ತೊಟ್ಟಿಕ್ಕಿ ಮಣ್ಣು ಸೇರುತ್ತದೆ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಸ್ವಲ್ಪ ಇರುವುದರಿಂದ ನಟ್ಟು-ಬೋಲ್ಟಿನ ತೆಳು ತುಕ್ಕು ಬಿಡಬಹುದು. ಬಾಡಿಯ ಮೇಲೆ ಸುರಿದರೆ ಸಕ್ಕರೆಯ ಅಂಟಷ್ಟೇ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ರಸ್ಟ್ ಕನ್ವರ್ಟರ್‌ಗಳು ಇದೇ ಆಮ್ಲವನ್ನು ಸರಿಯಾದ ಪ್ರಮಾಣದಲ್ಲಿ ಬಳಸುತ್ತವೆ. ಆದರೆ ತೂತು ಬಿದ್ದ ತಗಡಿಗೆ ಯಾವ ಔಷಧವೂ ಇಲ್ಲ. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು.

ವರ್ಷಗಟ್ಟಲೆ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ

“ಬ್ಯಾಟರಿ ಹಾಕಿ ಒಂದು ಸೆಲ್ಫ್ ಹೊಡೆದು ನೋಡೋಣ” ಎನ್ನುವುದೇ ದೊಡ್ಡ ತಪ್ಪು. ನಿಂತ ಪೆಟ್ರೋಲ್ ಅಂಟಾಗಿರುತ್ತದೆ, ಸಿಲಿಂಡರ್ ಒಳಗೆ ತುಕ್ಕು ಇರಬಹುದು, ಟೈಮಿಂಗ್ ಬೆಲ್ಟಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಸರಿಯಾದ ಕ್ರಮ ಹೀಗೆ: ಹಳೇ ಪೆಟ್ರೋಲ್ ಖಾಲಿ ಮಾಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ದಿನ ಬಿಟ್ಟು ಕೈಯಿಂದ ಎಂಜಿನ್ ತಿರುಗಿಸಿ. ಆಯಿಲ್, ಫಿಲ್ಟರ್, ಕೂಲೆಂಟ್, ಟೈಮಿಂಗ್ ಬೆಲ್ಟ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವಂಥದ್ದು, ಅದನ್ನೂ ಪೂರ್ತಿ ಬದಲಿಸಿ. ಆಮೇಲಷ್ಟೇ ಕೀ ತಿರುಗಿಸಿ.

ಅಪಾರ್ಟ್‌ಮೆಂಟಿನಲ್ಲಿರುವವರು ಒಂದು ಮಾತು ನೆನಪಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬೇಸ್‌ಮೆಂಟಿನಲ್ಲಿ ಟ್ಯಾಂಕ್ ಖಾಲಿ ಮಾಡಿದರೆ ಅದು ನೆಲದ ಮೇಲೆ ಹರಡಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಗಾಳಿಯಾಡದ ಜಾಗದಲ್ಲಿ ಎಂಜಿನ್ ಓಡಿಸಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದಂತೂ ಬಾಂಬಿಗೆ ಬೆಂಕಿ ಹಚ್ಚಿದಂತೆ. ಈ ಕೆಲಸಗಳು ಬಯಲಲ್ಲಿ, ಗ್ಯಾರೇಜಿನಲ್ಲಿ, ಅನುಭವಸ್ಥರ ಕೈಯಲ್ಲಿ ಆಗಲಿ.

ಫಾರ್ವರ್ಡ್ ಹೇಳುವುದು: ಇ20 ಪೆಟ್ರೋಲ್ ಹಾಕಿದರೆ ಹಳೇ ಕಾರಿನ ಎಂಜಿನ್ ಸುಟ್ಟುಹೋಗುತ್ತದೆ

ವಾಸ್ತವ: ಅರ್ಧ ಸತ್ಯ. ಒಂದು ಟ್ಯಾಂಕ್ ಹಾಕಿದ ಮಾತ್ರಕ್ಕೆ ಎಂಜಿನ್ ಸುಡುವುದಿಲ್ಲ. ಆದರೆ ತೊಂದರೆಯೇ ಇಲ್ಲ ಎನ್ನುವುದೂ ಸರಿಯಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶೇ 20ರಷ್ಟು ಬೆರೆಸಿದಾಗ ಒಟ್ಟು ಶಕ್ತಿ ಸುಮಾರು ಶೇ 6-7 ಇಳಿಯುತ್ತದೆ, ಮೈಲೇಜೂ ಇಳಿಯಬಹುದು. ಎಥನಾಲ್ ತೇವ ಹೀರುತ್ತದೆ, ಹಳೇ ಬಗೆಯ ರಬ್ಬರನ್ನು ಸವೆಸುತ್ತದೆ. ಟ್ಯಾಂಕಿನ ತಳದ ಹಳೇ ಕೊಳೆಯನ್ನು ಎಬ್ಬಿಸಿ ಫಿಲ್ಟರ್ ಕಟ್ಟಿಸುವುದೂ ಉಂಟು. ಕಾರ್ಬ್ಯುರೇಟರ್ ಇರುವ ಹಳೇ 800 ಈ ವ್ಯತ್ಯಾಸಕ್ಕೆ ತಾನಾಗಿ ಹೊಂದಿಕೊಳ್ಳುವುದಿಲ್ಲ, ಟ್ಯೂನಿಂಗ್ ಬೇಕು.

ಪರಿಹಾರ ಸರಳ: ಎಥನಾಲ್ ತಡೆಯುವ ಪೆಟ್ರೋಲ್ ಪೈಪ್ ಮತ್ತು ಸೀಲ್‌ಗಳನ್ನು ಹಾಕಿಸಿ, ಟ್ಯಾಂಕ್ ತೊಳೆಸಿ, ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಬಿರುಕು ಬಿಟ್ಟ ಹಳೇ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದೇ ಬೆಂಕಿಗೆ ನಿಜವಾದ ಕಾರಣ.

ಯಾವುದು ಮೊದಲು, ಯಾವುದು ಕೊನೆಗೆ?

ಹೆಚ್ಚಿನವರು ಪೇಂಟಿನಿಂದ ಶುರುಮಾಡಿ ಹಣ ಮುಗಿಸಿಕೊಳ್ಳುತ್ತಾರೆ. ಕ್ರಮ ಹೀಗಿರಲಿ: ಕಾಗದಪತ್ರ, ಟಿಂಕರಿಂಗ್ ಮತ್ತು ವೆಲ್ಡಿಂಗ್, ಬ್ರೇಕ್-ಟಯರ್-ಸ್ಟಿಯರಿಂಗ್, ಪೆಟ್ರೋಲ್ ಪೈಪ್, ಎಂಜಿನ್, ವೈರಿಂಗ್. ಪೇಂಟ್ ಮತ್ತು ಸೀಟ್ ಕೊನೆಗೆ. ಟಯರಿನ ಬದಿಯ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ; 2315 ಎಂದಿದ್ದರೆ 2015ರ 23ನೇ ವಾರದ ಟಯರ್. ಗೆರೆ ಹೊಸದರಂತಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಬಿಡಿಭಾಗಕ್ಕೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಹಳೇ ಬಿಡಿಭಾಗಕ್ಕೆ ಶಿವಾಜಿನಗರದ ಗುಜರಿ ಇವೆ. ಬಾಗಿಲು, ಗಾಜು, ಡ್ಯಾಶ್‌ಬೋರ್ಡ್ ಹಳೆಯದಾದರೂ ನಡೆಯುತ್ತದೆ. ಬ್ರೇಕ್, ಟಯರ್, ಸೀಟ್ ಬೆಲ್ಟ್ ಮಾತ್ರ ಹಳೆಯದು ಬೇಡ.

ಎಲ್ಲ ಕಾರಿಗೂ ಒಂದೇ ಲೆಕ್ಕವಲ್ಲ. ನಮ್ಮ ಬೊಮ್ಮಸಂದ್ರದಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಲೆಕ್ಟ್ರಿಕ್ ಕಾರಿನ ಹೊರಮೈ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯದು. ಅಲ್ಲಿ ಖರ್ಚು ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಒಳಗಿನ ಉಕ್ಕಿನ ಚೌಕಟ್ಟನ್ನು ಮಾತ್ರ ಪರೀಕ್ಷಿಸಬೇಕು.

ಯಾವಾಗ ಕೈಬಿಡಬೇಕು?

ಚಾಸಿಸ್ ನಂಬರ್ ಹೊಂದದಿದ್ದರೆ, ನೆಲ ಮತ್ತು ಸಸ್ಪೆನ್ಷನ್ ಕೂರುವ ಜಾಗ ಎರಡೂ ಕೊಳೆತಿದ್ದರೆ ಭಾವನೆಗೆ ಕಟ್ಟುಬೀಳಬೇಡಿ. ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದು, ಆರ್‌ಸಿ ರದ್ದಾದದ್ದನ್ನು ಖಚಿತಪಡಿಸಿಕೊಳ್ಳಿ. ಹಾಗೆ ಮಾಡದಿದ್ದರೆ ನಿಮ್ಮ ನಂಬರ್ ಬೇರೆ ಯಾರದೋ ಕಾರಿನ ಮೇಲೆ ಓಡಾಡಬಹುದು.

ಉಳಿಸಿಕೊಂಡರೂ ಮಿತಿ ಗೊತ್ತಿರಲಿ. 800ಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇಂದಿನ ಸುರಕ್ಷತಾ ನಿಯಮಗಳು ಅದರ ಕಾಲದಲ್ಲಿ ಇರಲಿಲ್ಲ. ಪೇಂಟ್ ಎಷ್ಟೇ ಹೊಳೆದರೂ ಇದು ಬದಲಾಗದು. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೈವೇ ಪ್ರಯಾಣಕ್ಕೆ ಈ ಕಾರು ಬೇಡ. ಭಾನುವಾರ ಬೆಳಗ್ಗೆ ಐಟಿಪಿಎಲ್ ರಸ್ತೆ ಖಾಲಿ ಇರುವಾಗ ಒಂದು ಸುತ್ತು ಹಾಕಿ ಬರಲು ಧಾರಾಳವಾಗಿ ಸಾಕು.

ಮುಂದಿನ ಸಲ “15 ವರ್ಷದ ಕಾರು ಸೀಜ್” ಎಂಬ ಸಂದೇಶ ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವ ಊರಿನ ನಿಯಮ? ಯಾವ ಬಗೆಯ ವಾಹನಕ್ಕೆ? ಉತ್ತರ ಅದರಲ್ಲಿ ಇಲ್ಲದಿದ್ದರೆ ಆ ಫಾರ್ವರ್ಡ್ ಅಲ್ಲಿಗೇ ನಿಲ್ಲಲಿ. ಅದರ ಬದಲು ಮನೆಯ ಹಳೇ ಕಾರಿನ ಆರ್‌ಸಿ ತೆಗೆದು, ಅವಧಿ ಯಾವತ್ತು ಮುಗಿಯುತ್ತದೆ ಎಂದು ಇವತ್ತೇ ನೋಡಿ.