ಆಟಿ ಅಮಾವಾಸ್ಯೆಗೆ ಮೂರು ದಿನ ಮೊದಲು

ಜೂನ್ 1ಕ್ಕೆ ಫೇಸ್‌ಬುಕ್ ತೆರೆದು ನೋಡಿ, ಊರಿನ ಅರ್ಧ ಜನರಿಗೆ ಅವತ್ತೇ ಹುಟ್ಟುಹಬ್ಬ. ಕಾರಣ ನಿಮಗೂ ಗೊತ್ತಿರಬಹುದು. ಮಗುವಿನ ಕೈಹಿಡಿದು ಶಾಲೆಗೆ ಬಂದ ಅಪ್ಪನಿಗೆ ತಾರೀಕು ಗೊತ್ತಿಲ್ಲ. ಹೆಡ್ಮಾಸ್ಟ್ರು ವಯಸ್ಸು ಸರಿಹೊಂದುವ ಹಾಗೆ ಒಂದು ವರ್ಷ ಹಿಡಿದು ಜೂನ್ 1 ಅಂತ ಬರೆದುಬಿಟ್ಟರು. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾನೂನು ಅಂತ ಆದದ್ದೇ 1969ರಲ್ಲಿ.

ಆದರೆ ತಾರೀಕು ಗೊತ್ತಿರಲಿಲ್ಲ ಅಂದರೆ ಹುಟ್ಟಿದ ದಿನ ಗೊತ್ತಿರಲಿಲ್ಲ ಅಂತಲ್ಲ. ಕಾಟಿಪಳ್ಳದಲ್ಲಿರುವ ನನ್ನ ಅಜ್ಜಿಯನ್ನು (ಅಮ್ಮನ ಅಮ್ಮ) ಕೇಳಿದರೆ ತಟ್ಟನೆ ಹೇಳುತ್ತಾರೆ: "ಆಟಿ ಅಮಾವಾಸ್ಯೆಗೆ ಮೂರು ದಿನ ಮೊದಲು." ಅಮಾವಾಸ್ಯೆಗೆ ಪಾಲೆ ಮರದ ತೊಗಟೆ ತರಬೇಕಲ್ಲ, ಮರ ಎಲ್ಲುಂಟು ಅಂತ ಅವರ ಅಪ್ಪ ನೋಡಿಟ್ಟು ಬರುವಷ್ಟರಲ್ಲಿ ಮಗು ಹುಟ್ಟಿತ್ತಂತೆ. ತುಳು ತಿಂಗಳು ಸೂರ್ಯನ ಲೆಕ್ಕ, ಅಮಾವಾಸ್ಯೆ ಚಂದ್ರನ ಲೆಕ್ಕ. ಹಾಗಾಗಿ ಈ ದಿನ ಕ್ಯಾಲೆಂಡರಿನಲ್ಲಿ ಒಂದು ಕಡೆ ನಿಲ್ಲುವುದಿಲ್ಲ. 2024ರಲ್ಲಿ ಆಗಸ್ಟ್ 1ಕ್ಕೆ ಬಂತು, 2025ರಲ್ಲಿ ಜುಲೈ 21ಕ್ಕೆ.

ಆಟಿ ಅಂದರೆ ಧೋ ಅಂತ ಮಳೆ, ಕಷ್ಟದ ತಿಂಗಳು, ಶುಭಕಾರ್ಯ ಇಲ್ಲ. ಹುಟ್ಟುಹಬ್ಬದ ಗೌಜಿಯೂ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ, ಆಮೇಲೆ ಅಂಗಳದ ಬದಿಯ ಅರಸಿನ ಎಲೆ ಕೊಯ್ದು ಅಕ್ಕಿಹಿಟ್ಟು, ಬೆಲ್ಲ, ತೆಂಗಿನಕಾಯಿ ಹಾಕಿ ಬೇಯಿಸಿದ ಗಟ್ಟಿ. ಮನೆಯಲ್ಲಿ ಎಲ್ಲರಿಗೂ ಒಂದೊಂದು, ಹುಟ್ಟಿದವರಿಗೆ ಎರಡು. ಅಷ್ಟೇ. ಅಜ್ಜಿ ಇದನ್ನು ನನ್ನ ಅಮ್ಮನಿಗೆ ಮಾಡಿಕೊಟ್ಟರು, ಅಮ್ಮ ಘಟ್ಟದ ಬುಡದ ನಮ್ಮ ಹಳ್ಳಿಯಲ್ಲಿ ನನಗೆ ಮಾಡಿಕೊಟ್ಟರು. ನಾನು ಹುಟ್ಟಿದ್ದು ಡಿಸೆಂಬರಿನಲ್ಲಿ, ಆಗ ಅರಸಿನ ಎಲೆ ಒಣಗಿರುತ್ತದೆ. ಬಾಳೆ ಎಲೆಯಲ್ಲಿ ಮಾಡಿದರೆ ಆ ಪರಿಮಳ ಬರಲ್ಲ ಬಿಡಿ.

ದಿನ ಗೊತ್ತುಂಟು, ವರ್ಷ ಯಾವುದು? ಚಿಕ್ಕಮ್ಮನಿಗೆ ಅಜ್ಜಿಯ ಎಂಬತ್ತು ಮಾಡಬೇಕು ಅಂತ ಆಸೆ ಹುಟ್ಟಿದಾಗ ಈ ಪ್ರಶ್ನೆ ಎದ್ದದ್ದು. ಬೀಡಿಯ ಪಿಎಫ್ ಪುಸ್ತಕ 1943 ಅನ್ನುತ್ತದೆ. ವೋಟರ್ ಕಾರ್ಡಿನ ಪ್ರಕಾರ 1948. ಆಧಾರ್‌ನಲ್ಲಿ ಬರೀ ವರ್ಷ, 1946. ಮೂರು ಡೇಟಾಬೇಸ್, ಮೂರು ಉತ್ತರ!

ಅಜ್ಜಿ ಹುಟ್ಟಿದ ಮನೆಯಲ್ಲಿ ವಿಚಾರಿಸೋಣ ಅಂದರೆ ಆ ಮನೆಯೇ ಇಲ್ಲ. ಅದಿದ್ದದ್ದು ಪಣಂಬೂರಿನಲ್ಲಿ. 1962ರಲ್ಲಿ ಅಲ್ಲಿ ನವಮಂಗಳೂರು ಬಂದರಿನ ಕೆಲಸ ಶುರುವಾಯಿತು, 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಇಷ್ಟು ಎಲ್ಲ ಕಡೆ ಸಿಗುವ ಚರಿತ್ರೆ. ಆ ಜಾಗದಲ್ಲಿದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡದ ಮೇಲೆ ಸೈಟು ಕೊಟ್ಟರು. ಇವತ್ತಿಗೂ ಅಲ್ಲಿ ವಿಳಾಸ ಕೇಳಿದರೆ ಎರಡನೇ ಬ್ಲಾಕ್, ಏಳನೇ ಬ್ಲಾಕ್ ಅಂತಲೇ ಹೇಳುವುದು. ಇಂಥ ಹೆಸರು ಹಳ್ಳಿಗೆ ತಾನಾಗಿ ಬರುವುದಲ್ಲ.

ಮನೆ, ಗದ್ದೆ, ತೆಂಗು ಹೋದದ್ದಕ್ಕೆ ಪರಿಹಾರದ ಲೆಕ್ಕ ಇತ್ತು. ನೆರೆಕರೆ ಹೋದದ್ದಕ್ಕೆ ಯಾವ ಲೆಕ್ಕ? ಕಾಗದ ಇಲ್ಲದ ಕಾಲದಲ್ಲಿ ಒಬ್ಬರ ಹುಟ್ಟು ಇನ್ನೊಬ್ಬರ ನೆನಪಿನಲ್ಲಿ ಇರುತ್ತಿತ್ತು. ಯಾರ ದನ ಕರು ಹಾಕಿದಾಗ, ಯಾರ ಬಾವಿ ತೋಡಿದಾಗ, ಯಾರ ಮಗನಿಗಿಂತ ಎಷ್ಟು ದಿನ ಚಿಕ್ಕವಳು ಅಂತ. ಒಂದೇ ಬೈಲಿನವರು ಬೇರೆ ಬೇರೆ ಬ್ಲಾಕಿಗೆ ಹೋದರು, ಕೆಲವರು ಮುಂಬೈ ಹೋಟೆಲುಗಳಿಗೆ, ಇನ್ನು ಕೆಲವರು ಗಲ್ಫಿಗೆ. ಆ ರಿಜಿಸ್ಟರಿನ ಹಾಳೆಗಳು ಹೀಗೆ ಒಂದೊಂದು ಕಡೆ ಆದವು.

ಒಂದು ಹಾಳೆ ಕೃಷ್ಣಾಪುರದಲ್ಲಿ ಸಿಕ್ಕಿತು ಮಾರಾಯ್ರೆ. ಪಣಂಬೂರಿನಲ್ಲಿ ಪಕ್ಕದ ಹಿತ್ತಲಿನಲ್ಲಿದ್ದ ಬ್ಯಾರಿ ಮನೆಯ ಅಜ್ಜಿ, ಈಗ ತೊಂಬತ್ತರ ಹತ್ತಿರ. ನಮ್ಮಜ್ಜಿಯ ಹೆಸರು ಹೇಳಿದ್ದೇ ತಡ, "ನನ್ನ ತಮ್ಮ ಹುಟ್ಟಿ ಉಮ್ಮನ ನಲ್ವತ್ತು ಕಳೆದ ವಾರವೇ ಅವಳು ಹುಟ್ಟಿದ್ದು. ಅವಳ ತಾಯಿಗೆ ಜ್ವರ. ಹದಿನೈದು ದಿನ ನನ್ನ ಉಮ್ಮನೇ ಅವಳಿಗೆ ಹಾಲು ಕುಡಿಸಿದ್ದು, ಗೊತ್ತುಂಟಾ ಮಗಾ?" ಅಂದರು. ಗೊತ್ತಿರಲಿಲ್ಲ. ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿಗೂ ಕೂಡ!

ಆ ತಮ್ಮ ಗಲ್ಫಿಗೆ ಹೋದವರು, ಪಾಸ್‌ಪೋರ್ಟ್ ಇತ್ತು. ಹುಡುಕಿ ತೆಗೆಸಿದೆವು. ಹುಟ್ಟಿದ ತಾರೀಕು: 1-6-1945. ಹೆಡ್ಮಾಸ್ಟ್ರ ಕೈಚಳಕ ಅಲ್ಲೂ ಉಂಟು! ಆದರೂ ಬೇರೆ ಆಧಾರ ಇಲ್ಲದ ಮೇಲೆ 1945 ಅಂತಲೇ ಇಟ್ಟುಕೊಂಡೆವು.

2025ರ ಜುಲೈ 21 ಸೋಮವಾರ. ರಜೆ ಹಾಕಿ ಎಲ್ಲರೂ ಸೇರಿದೆವು. ಮಕ್ಕಳು ಬೇಕರಿಯಿಂದ ಕೇಕ್ ತಂದು ಮೇಣದಬತ್ತಿ ಹಚ್ಚಿದರು. "ಹಚ್ಚಿದ ದೀಪ ಊದಿ ಆರಿಸುವುದಾ?" ಅಂತ ಅಜ್ಜಿ ಒಪ್ಪಲಿಲ್ಲ, ಅದನ್ನು ತೆಗೆದು ಕಿಟಕಿಯಲ್ಲಿ ಇಟ್ಟರು. ಕೃಷ್ಣಾಪುರದ ಅಜ್ಜಿಯನ್ನು ರಿಕ್ಷಾದಲ್ಲಿ ಕರೆಸಿದ್ದೆವು. ಇಬ್ಬರೂ ಕೈಹಿಡಿದು ಕೂತು ತುಳುವಿನಲ್ಲಿ ಮಾತಾಡಿದ್ದೇ ಮಾತಾಡಿದ್ದು, ನಮ್ಮನ್ನು ಕೇಳುವವರಿಲ್ಲ. ಗಟ್ಟಿ ಬಡಿಸುವಾಗ ಅಜ್ಜಿ ತನ್ನ ಎರಡರಲ್ಲಿ ಒಂದನ್ನು ಅವರ ಎಲೆಗೆ ಹಾಕಿದರು.

2026ರಲ್ಲಿ ಆಟಿ ಅಮಾವಾಸ್ಯೆ ಆಗಸ್ಟ್ 12ಕ್ಕೆ. ಅಂದರೆ ಅಜ್ಜಿಯದ್ದು 9ಕ್ಕೆ, ಭಾನುವಾರ. ರಜೆ ಕೇಳುವ ಕೆಲಸ ಇಲ್ಲ.