ಬೆಕ್ಕು ನಗಿಸಿತು, ದುಡ್ಡು ಯಾರಿಗೆ ಹೋಯಿತು?



ನಮ್ಮ ಬಳಗದ ಯಾವ ಮನೆಯಲ್ಲಿ ಫೋನ್ ತೆರೆದರೂ ದಿನಕ್ಕೊಂದು ಬೆಕ್ಕಾದರೂ ಕಾಣುತ್ತದೆ. ಊರಿನಿಂದ ಅತ್ತೆಯವರೋ ಚಿಕ್ಕಪ್ಪನವರೋ ಕಳಿಸಿದ 'ಶುಭೋದಯ'ದ ಬೆಕ್ಕು ಇಲ್ಲಿ ಇಂಗ್ಲೆಂಡಿನಲ್ಲಿ ರಾತ್ರಿ ಒಂದೂವರೆಗೆ ಬಂದು ನಿದ್ದೆ ಕೆಡಿಸುತ್ತದೆ. ಮಕ್ಕಳ ಫೋನಿನಲ್ಲಿ ಬರುವ ಬೆಕ್ಕಿನ ಜಾತಿ ಬೇರೆ. ಅದರ ತಲೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಅವರು ನಗುತ್ತಾರೆ, ನಾವು ಕನ್ನಡಕ ಹುಡುಕುತ್ತೇವೆ.

ಮಕ್ಕಳು ಇದನ್ನು 'ಮೀಮ್' ಎನ್ನುತ್ತಾರೆ. ಈ ಪದವನ್ನು 1976ರಲ್ಲಿ ಹುಟ್ಟಿಸಿದವರು ಆಕ್ಸ್‌ಫರ್ಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ತಲೆಯಿಂದ ತಲೆಗೆ ನಕಲಾಗುತ್ತಾ ಹರಡುವ ರಾಗ, ಮಾತು, ಉಡುಪಿನ ರೀತಿ ಇಂಥವಕ್ಕೆಲ್ಲ ಅವರು ಕೊಟ್ಟ ಹೆಸರು ಅದು. ಬೆಕ್ಕು ಆಮೇಲೆ ಬಂದು ಆ ಪದದ ಮೇಲೆ ಮಲಗಿಕೊಂಡಿತು. ಬೆಕ್ಕಿಗೆ ಆ ಅಭ್ಯಾಸ ಇದ್ದದ್ದೇ.

ಇದೆಲ್ಲ ಇಂಟರ್‌ನೆಟ್ ಬಂದ ಮೇಲಿನ ಹುಚ್ಚು ಎಂದು ಕೆಲವು ಹಿರಿಯರ ಅಭಿಪ್ರಾಯ. ಆದರೆ ಬೆಕ್ಕನ್ನು ಕಂಡು ನಗುವುದು ಬಹಳ ಹಳೆಯ ಸಂಗತಿ. ಮೂರು ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನ ಸುಣ್ಣಕಲ್ಲಿನ ಚೂರೊಂದರ ಮೇಲೆ ಇಲಿ ದೊರೆಯಂತೆ ಕುಳಿತಿದೆ, ಬೆಕ್ಕು ಎದುರು ನಿಂತು ಸೇವೆ ಮಾಡುತ್ತಿದೆ. ನಮ್ಮಲ್ಲಿ ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡಿದ ಕಥೆ ಯಾವ ಮಗುವಿಗೆ ಗೊತ್ತಿಲ್ಲ? ಇನ್ನು ಬೆಕ್ಕಿನ ಚಿತ್ರಕ್ಕೆ ಒಂದು ಸಾಲು ಬರೆದು ಹಂಚುವ ವ್ಯಾಪಾರವಂತೂ ನಾವಿರುವ ಈ ದೇಶದಲ್ಲೇ, ವಿಕ್ಟೋರಿಯಾ ರಾಣಿಯ ಕಾಲದಲ್ಲೇ, ಭರ್ಜರಿಯಾಗಿ ನಡೆದಿತ್ತು.

ನಮ್ಮಲ್ಲಿ ಬಹಳ ಮಂದಿ ಬೇಸಿಗೆಯಲ್ಲಿ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬ್ರೈಟನ್ ಕಡಲತೀರಕ್ಕೆ ಹೋಗಿ ಬಂದವರೇ. ಅದೇ ಊರಿನಲ್ಲಿ 1870ರ ದಶಕದಲ್ಲಿ ಹ್ಯಾರಿ ಪಾಯಿಂಟರ್ ಎಂಬ ಫೋಟೋಗ್ರಾಫರ್ ಇದ್ದರು. ಮೊದಮೊದಲು ಬುಟ್ಟಿಯಲ್ಲಿ ಮಲಗಿದ ಬೆಕ್ಕು, ಹಾಲು ಕುಡಿಯುವ ಬೆಕ್ಕು ಎಂದು ಸಹಜವಾದ ಫೋಟೋಗಳನ್ನೇ ತೆಗೆದರು. ಆಮೇಲೆ ಬೆಕ್ಕುಗಳನ್ನು ಮೂರು ಗಾಲಿಯ ಸೈಕಲ್ಲಿನ ಮೇಲೆ, ಚಹಾದ ಮೇಜಿನ ಮುಂದೆ ಕೂರಿಸಿ, ಅಡಿಯಲ್ಲಿ 'ಹೊಸ ವರ್ಷದ ಶುಭಾಶಯ', 'ಬಹಳ ಧನ್ಯವಾದ' ಎಂದು ಅಚ್ಚು ಹಾಕಿಸಿದರು. ಸಾಲು ಸೇರಿಸಿದರೆ ಚಿತ್ರ ಹೆಚ್ಚು ಬಿಕರಿಯಾಗುತ್ತದೆ ಎಂಬುದು ಅವರಿಗೆ ಹೊಳೆದಿತ್ತು. 1880ರ ದಶಕದ ನಡುವಿನ ಹೊತ್ತಿಗೆ ಇಂಥ ಸುಮಾರು 200 ಚಿತ್ರಗಳು ಆಗಿದ್ದವು. ಕೈಯಗಲದ ರಟ್ಟಿನ ಕಾರ್ಡುಗಳು, ಜನ ಕೊಂಡು ಒಬ್ಬರಿಗೊಬ್ಬರು ಕೊಡುತ್ತಿದ್ದರು. ನಮ್ಮ ಅತ್ತೆಯವರ ಶುಭೋದಯಕ್ಕೂ ಇದಕ್ಕೂ ವ್ಯತ್ಯಾಸ ಅಂಚೆಚೀಟಿಯದು ಮಾತ್ರ.

ನಾಯಿಯ ಬದಲು ಬೆಕ್ಕೇ ಏಕೆ? ನಾಯಿಯ ಮನಸ್ಸು ಅದರ ಬಾಲದಲ್ಲೇ ಇದೆ, ನಾವು ಮಾತು ಸೇರಿಸುವ ಅಗತ್ಯವಿಲ್ಲ. ಬೆಕ್ಕಿನ ಮುಖ ಹಾಗಲ್ಲ. ಗೌಡರ ಮನೆಯ ಯಜಮಾನಿಯ ಹಾಗೆ ಗಂಭೀರ, ಒಳಗೇನಿದೆಯೋ ತಿಳಿಯದು. ಆ ಖಾಲಿ ಜಾಗದಲ್ಲಿ ನಮ್ಮ ಮಾತು ಬರೆಯಲು ಸ್ಥಳ ಸಿಗುತ್ತದೆ. ಯಾವ ಕಾಲದವರು ಏನು ಬರೆದರೂ ಬೆಕ್ಕು ಬೇಡ ಎನ್ನುವುದಿಲ್ಲ. ಇದು ನಮ್ಮ ಊಹೆ, ಒಪ್ಪದವರು ಪತ್ರ ಬರೆಯಬಹುದು.

ಇನ್ನು ಲೂಯಿ ವೇನ್ ಅವರ ವಿಷಯ. ಈ ಲೇಖನ ಬರೆಯಬೇಕೆನಿಸಿದ್ದೇ ಅವರಿಗಾಗಿ. 1860ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಿತ್ರಕಾರ. ತಂದೆ ಬೇಗ ತೀರಿಕೊಂಡಿದ್ದರಿಂದ ತಾಯಿ ಮತ್ತು ಐವರು ತಂಗಿಯರ ಭಾರ ಇವರ ಹೆಗಲಿಗೆ ಬಿತ್ತು. ತಂಗಿಯರಿಗೆ ಪಾಠ ಹೇಳಲು ಬಂದಿದ್ದ ಎಮಿಲಿ ಎಂಬವರನ್ನು 1884ರಲ್ಲಿ ಮದುವೆಯಾದರು. ಆಕೆ ಇವರಿಗಿಂತ ಹತ್ತು ವರ್ಷ ದೊಡ್ಡವರು. ಸ್ವಲ್ಪ ಕಾಲದಲ್ಲೇ ಆಕೆಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಮನೆಗೆ ಬಂದು ಸೇರಿದ್ದ ಪೀಟರ್ ಎಂಬ ಕಪ್ಪು ಬಿಳುಪು ಬೆಕ್ಕು ಆಕೆಯ ಹಾಸಿಗೆಯ ಬಳಿಯೇ ಇರುತ್ತಿತ್ತು. ಹೆಂಡತಿಯನ್ನು ನಗಿಸಲೆಂದು ವೇನ್ ಅದರ ಚಿತ್ರ ಬರೆಯತೊಡಗಿದರು. 1886ರ ಕ್ರಿಸ್‌ಮಸ್‌ಗೆ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಅವರ ಬೆಕ್ಕುಗಳ ಔತಣಕೂಟ ಅಚ್ಚಾಯಿತು. ಅದರಲ್ಲಿ ಸುಮಾರು 150 ಬೆಕ್ಕುಗಳು. 1887ರ ಜನವರಿಯಲ್ಲಿ ಎಮಿಲಿ ತೀರಿಕೊಂಡರು.

ಆಮೇಲೆ ವೇನರ ಬೆಕ್ಕುಗಳು ಎರಡು ಕಾಲಿನ ಮೇಲೆ ಎದ್ದು ನಿಂತವು. ಕೋಟು ತೊಟ್ಟವು, ಚುಟ್ಟಾ ಸೇದಿದವು, ಗಾಲ್ಫ್ ಆಡಿದವು. ವರ್ಷಕ್ಕೆ ನೂರಾರು ಚಿತ್ರ. ಪೋಸ್ಟ್‌ಕಾರ್ಡು, ಮಕ್ಕಳ ಪುಸ್ತಕ, ಕ್ಯಾಲೆಂಡರ್, ಎಲ್ಲೆಲ್ಲೂ ಅವರದೇ ಬೆಕ್ಕು. ಇಷ್ಟು ಹೆಸರಿದ್ದ ಮನುಷ್ಯ ಶ್ರೀಮಂತರಾಗಬೇಕಿತ್ತು. ಆಗಲಿಲ್ಲ. ಚಿತ್ರ ಮಾರುವಾಗ ಹಕ್ಕನ್ನು ತಮ್ಮಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ಕೊಂಡವರು ಅದನ್ನೇ ಮತ್ತೆ ಮತ್ತೆ ಅಚ್ಚು ಹಾಕಿದರು, ವೇನರಿಗೆ ಕಾಸು ಬರಲಿಲ್ಲ. ಇವರು ಹೊಸದು ಬರೆದರೆ ಅದಕ್ಕೆ ಪೈಪೋಟಿ ಇವರದೇ ಹಳೆಯ ಬೆಕ್ಕು! ಮೊದಲ ಮಹಾಯುದ್ಧ ಬಂದ ಮೇಲೆ ಇದ್ದ ಬೇಡಿಕೆಯೂ ಇಳಿಯಿತು.

ಮನಸ್ಸಿನ ಸ್ಥಿಮಿತ ತಪ್ಪಿ 1924ರಲ್ಲಿ ಅವರನ್ನು ಟೂಟಿಂಗಿನ ಸ್ಪ್ರಿಂಗ್‌ಫೀಲ್ಡ್ ಆಸ್ಪತ್ರೆಯ ಬಡವರ ವಾರ್ಡಿಗೆ ಸೇರಿಸಿದರು. (ಟೂಟಿಂಗ್ ಎಂದರೆ ನಮ್ಮವರು ದೋಸೆ ತಿನ್ನಲು ಹೋಗುವ ಅದೇ ಟೂಟಿಂಗ್.) ಮರುವರ್ಷ ಆಸ್ಪತ್ರೆ ನೋಡಲು ಬಂದವರೊಬ್ಬರು, ಮೂಲೆಯಲ್ಲಿ ಕುಳಿತು ಬೆಕ್ಕು ಬರೆಯುತ್ತಿದ್ದವರನ್ನು ಗುರುತಿಸಿದರು. ಸುದ್ದಿ ಹಬ್ಬಿ, ಲೇಖಕ ಎಚ್. ಜಿ. ವೆಲ್ಸ್, ಕಾರ್ಮಿಕ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮೊದಲಾದವರು ಮುಂದಾದ ಮೇಲೆ ಅವರು ಬೆತ್ಲೆಮ್ ಆಸ್ಪತ್ರೆಗೆ ಬಂದರು. 1930ರಲ್ಲಿ ಸೇಂಟ್ ಆಲ್ಬನ್ಸ್ ಬಳಿಯ ನ್ಯಾಪ್ಸ್‌ಬರಿಗೆ. ಅಲ್ಲಿ ತೋಟವಿತ್ತು, ನಿಜವಾದ ಬೆಕ್ಕುಗಳೂ ಇದ್ದವು. 1939ರಲ್ಲಿ ಅಲ್ಲಿಯೇ ತೀರಿಕೊಂಡರು.

ಅವರ ಕಡೆಗಾಲದ ಬಣ್ಣಬಣ್ಣದ ಬೆಕ್ಕುಗಳನ್ನು ಸಾಲಾಗಿ ಜೋಡಿಸಿ, ಕಾಯಿಲೆ ಹೀಗೆ ಹೀಗೆ ಏರಿತೆಂದು ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಬಹುಕಾಲ ತೋರಿಸುತ್ತಿದ್ದರು. ನಮ್ಮಲ್ಲಿನ ಡಾಕ್ಟರ್ ಸದಸ್ಯರೂ ಅದನ್ನು ಓದಿರಬಹುದು. ಆದರೆ ಆ ಚಿತ್ರಗಳ ಮೇಲೆ ತಾರೀಖೇ ಇಲ್ಲ. ಆ ಸಾಲನ್ನು ಜೋಡಿಸಿದವರು ಬೇರೆಯವರು. ಬದುಕಿನಲ್ಲಿ ಹಕ್ಕು ಕಳೆದುಕೊಂಡವರಿಗೆ ಸತ್ತ ಮೇಲೆ ಕಥೆಯೂ ಕೈತಪ್ಪಿತು.

ಅಷ್ಟರಲ್ಲಿ ಬೆಕ್ಕು ಸಿನಿಮಾಕ್ಕೂ ಹತ್ತಿತ್ತು. 1894ರಲ್ಲಿ ಎಡಿಸನ್ ಅವರ ನ್ಯೂಜೆರ್ಸಿ ಸ್ಟುಡಿಯೋದಲ್ಲಿ ಎರಡು ಬೆಕ್ಕುಗಳಿಗೆ ಗ್ಲೋವ್ಸ್ ತೊಡಿಸಿ ಬಾಕ್ಸಿಂಗ್ ಆಡಿಸಿ ಚಿತ್ರ ತೆಗೆದರು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ, ಅಲ್ಲಿ ಸಂಕಟ ಬೆಕ್ಕಿನದೇ ಇರಬೇಕು.

ಇಂಟರ್‌ನೆಟ್ಟಿನಲ್ಲಿ ದೊಡ್ಡ ಅಲೆ ಎದ್ದದ್ದು 2007ರಲ್ಲಿ. ಬೂದು ಬಣ್ಣದ ಗುಂಡನೆಯ ಬೆಕ್ಕೊಂದು ಬಾಯಿ ತೆರೆದು, ಮಗುವಿನ ತೊದಲು ಇಂಗ್ಲಿಷಿನಲ್ಲಿ ಚೀಸ್ ಬರ್ಗರ್ ಸಿಗುತ್ತದೆಯೇ ಎಂದು ಕೇಳುವ ಚಿತ್ರ. ಅದನ್ನಿಟ್ಟುಕೊಂಡು ಹವಾಯಿಯ ಇಬ್ಬರು ಗೆಳೆಯರು ತೆರೆದ ತಾಣ ಅದೇ ವರ್ಷ ಸುಮಾರು 20 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ಸುದ್ದಿಯಾಯಿತು. ವೇನರ ಕಾಲದಂತೆಯೇ ನಕಲು ಮಾಡಿದವರು ಸಾವಿರ. ಆದರೆ ಈ ಸಲ ಬೆಕ್ಕಿನವರು ಸುಮ್ಮನಿರಲಿಲ್ಲ.

ಅಮೆರಿಕದ ಚಾರ್ಲಿ ಷ್ಮಿಟ್ ಎಂಬವರು 1984ರಲ್ಲಿ ತಮ್ಮ ಬೆಕ್ಕು ಫ್ಯಾಟ್ಸೋಗೆ ನೀಲಿ ಅಂಗಿ ತೊಡಿಸಿ ಕೀಬೋರ್ಡ್ ನುಡಿಸುವಂತೆ ವಿಡಿಯೋ ಮಾಡಿದ್ದರು. ಬೆಕ್ಕು 1987ರಲ್ಲಿ ಸತ್ತಿತು. ವಿಡಿಯೋ 2007ರಲ್ಲಿ ಹೊರಬಂದು ಲೋಕವನ್ನೆಲ್ಲ ನಗಿಸಿತು. ಆ ಬೆಕ್ಕನ್ನೂ, ಕ್ರಿಸ್ ಟೊರೆಸ್ 2011ರಲ್ಲಿ ಬರೆದ ಕಾಮನಬಿಲ್ಲಿನ ಬಾಲದ ನ್ಯಾನ್ ಕ್ಯಾಟನ್ನೂ ಕೇಳದೆಯೇ ವಿಡಿಯೋ ಗೇಮ್ ಒಂದರಲ್ಲಿ ಸೇರಿಸಿದರೆಂದು 2013ರಲ್ಲಿ ಇಬ್ಬರೂ ಕೂಡಿ ದಾವೆ ಹೂಡಿದರು, ರಾಜಿಯಾಯಿತು. ಸದಾ ಮುನಿಸಿಕೊಂಡಂತೆ ಕಾಣುತ್ತಿದ್ದ ಅರಿಜೋನಾದ ಗ್ರಂಪಿ ಕ್ಯಾಟ್ ಎಲ್ಲರಿಗೂ ಗೊತ್ತು. ಒಪ್ಪಂದ ಮೀರಿ ಅದರ ಮುಖವನ್ನು ಬಳಸಿದ ಕಾಫಿ ಕಂಪನಿಯೊಂದರ ಮೇಲೆ 2018ರಲ್ಲಿ ತೀರ್ಪು ಬಂತು. ಹಕ್ಕಿನ ಉಲ್ಲಂಘನೆಗೆ 7,10,000 ಡಾಲರ್, ಒಪ್ಪಂದ ಮುರಿದದ್ದಕ್ಕೆ ಒಂದು ಡಾಲರ್. ಮರುವರ್ಷ ಮೇ ತಿಂಗಳಲ್ಲಿ ಬೆಕ್ಕು ತೀರಿಕೊಂಡಿತು, ಏಳು ವರ್ಷದ್ದು. ಆ ಮೊತ್ತದ ನೂರರಲ್ಲೊಂದು ಪಾಲು ಸಿಕ್ಕಿದ್ದರೂ ವೇನ್ ಬಡವರ ವಾರ್ಡಿಗೆ ಹೋಗಬೇಕಿರಲಿಲ್ಲವೇನೋ.

ವೇನ್ ಅವರ ಜೀವನ ಕುರಿತು 2021ರಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ನಟಿಸಿದ ಚಲನಚಿತ್ರ ಬಂದಿದೆ. ಮಕ್ಕಳೊಡನೆ ಕೂತು ನೋಡಬಹುದು, ಕರ್ಚೀಫ್ ಹತ್ತಿರವಿರಲಿ. ಮೂಲ ಚಿತ್ರಗಳನ್ನೇ ನೋಡಬೇಕೆನ್ನುವವರು ಬೆಕೆನ್‌ಹ್ಯಾಮಿನ ಬೆತ್ಲೆಮ್ ಆಸ್ಪತ್ರೆಯ ಆವರಣದಲ್ಲಿರುವ ಮ್ಯೂಸಿಯಮ್ಮಿಗೆ ಹೋಗಬೇಕು. ಆಸ್ಪತ್ರೆಯ ಕ್ರಿಸ್‌ಮಸ್ ಅಲಂಕಾರಕ್ಕೆಂದು ವೇನ್ ಕನ್ನಡಿಗಳ ಮೇಲೆ ಬಿಡಿಸಿದ ಬೆಕ್ಕುಗಳು ಅವರ ಸಂಗ್ರಹದಲ್ಲಿವೆ. ಎಲ್ಲವನ್ನೂ ಸದಾ ಹೊರಗಿಟ್ಟಿರುವುದಿಲ್ಲ, ಹೊರಡುವ ಮೊದಲು ಒಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.